ನೀರು ತಾಗಿಸಬಾರದ ಟ್ಯಾಬ್ಲೆಟ್

ಹಂಗಳದ ನೀರುಗಂಟಿ ನಿಂಗರಾಜುವಿಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿ ಯಾವುದೂ ಇರಲಿಲ್ಲ. ಬೆಳಗಾದರೆ ಬೀದಿ ಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವುದು ಪಂಚಾಯಿತಿಯವರು ಅವನಿಗೆ ಕೊಟ್ಟ ಕೆಲಸ. ನೀರು ಬರುವ ತನಕ ಕೊಡ ಹಿಡಿದು ನಿಂತವರಿಗೆ ತಿಳಿವಳಿಕೆ ಹೇಳುವುದು ಅವನು ತಾನಾಗಿ ವಹಿಸಿಕೊಂಡ ಕೆಲಸ. ನೀರು ಒಂದೊಂದು ದಿನ ಬರುತ್ತಿರಲಿಲ್ಲ. ತಿಳಿವಳಿಕೆ ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ.

ಅವನಿಗೆ ಒಬ್ಬಳೇ ಮಗಳು, ರಂಜಿನಿ. ಹುಟ್ಟಿನಿಂದಲೇ ಕಣ್ಣು ಕಾಣದು. ಊರಿನ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಓದುತ್ತಿದ್ದಳು ಎಂದರೆ, ಪಕ್ಕದ ಮನೆಯ ಪುಟ್ಟಿ ಗಟ್ಟಿಯಾಗಿ ಓದುತ್ತಿದ್ದಳು, ಇವಳು ಕೇಳಿಸಿಕೊಳ್ಳುತ್ತಿದ್ದಳು. ಪುಟ್ಟಿ ಒಳ್ಳೆಯ ಹುಡುಗಿಯೇ. ಆದರೆ ಒತ್ತಕ್ಷರ ಕಂಡರೆ ಹಾರಿಸಿಬಿಡುವಳು. ಹೀಗಾಗಿ ರಂಜಿನಿಯ ಚರಿತ್ರೆಯಲ್ಲಿ ಉದ್ದ ಹೆಸರಿನ ರಾಜರು ಯಾರೂ ಆಳಿರಲೇ ಇಲ್ಲ. ವಿಜ್ಞಾನದಲ್ಲಿ ಗಿಡಗಳು ಬೆಳಕಿನಲ್ಲಿ ಏನನ್ನೋ ಹೀರಿಕೊಂಡು ಏನನ್ನೋ ಬಿಡುತ್ತಿದ್ದವು. ಆ ಏನೋ ಏನೆಂದು ತಿಳಿಯುವ ಹಟ ರಂಜಿನಿಗೆ ಬಹಳವಿತ್ತು.

ಅವಳ ಹಟ ಕಂಡಿದ್ದ ವಿಶೇಷ ಶಿಕ್ಷಕಿ ಪ್ರಿಯಾಂಕ ಮೇಡಮ್, ಓಡಾಡಿ ಬರೆದು ಕೇಳಿ, ಕೊನೆಗೆ ಗುಂಡ್ಲುಪೇಟೆಯಲ್ಲಿ ಅವಳ ಕೈಗೆ ಒಂದು ಟ್ಯಾಬ್ಲೆಟ್ ಕೊಡಿಸಿದರು. ಸ್ಲೇಟಿನಷ್ಟು ಅಗಲದ್ದು. ಪರದೆಯ ಮೇಲೆ ಬೆರಳಿಟ್ಟರೆ ಬೆರಳ ಕೆಳಗೆ ಇರುವುದನ್ನು ಅದು ಬಾಯಿಬಿಟ್ಟು ಹೇಳುತ್ತಿತ್ತು. ಎರಡು ಸಲ ತಟ್ಟಿದರೆ ತೆರೆದುಕೊಳ್ಳುತ್ತಿತ್ತು. ಅಚ್ಚಾದ ಕಾಗದದ ಮೇಲೆ ಅದರ ಕ್ಯಾಮೆರಾ ಹಿಡಿದರೆ ಕಾಗದದಲ್ಲಿರುವುದನ್ನೆಲ್ಲ ಓದುತ್ತಿತ್ತು, ಒತ್ತಕ್ಷರ ಸಹಿತ. ಅದನ್ನು ಬಳಸುವುದು ಹೇಗೆಂದು ಮೇಡಮ್ ಪೋಷಕರಿಗೂ ಒಂದು ಗಂಟೆ ಹೇಳಿಕೊಟ್ಟರು. ನಿಂಗರಾಜು ಗಂಟೆಪೂರ್ತಿ ತಲೆಯಾಡಿಸಿದ. ಅರ್ಥವಾಯಿತೇ ಎಂದು ಕೇಳಿದಾಗ, ಇದೆಲ್ಲ ತನಗೆ ಮೊದಲೇ ಗೊತ್ತಿತ್ತು, ಮಗಳು ಕಲಿಯಲೆಂದು ಸುಮ್ಮನಿದ್ದೆ ಎಂದು ಹೇಳಿ ಎದ್ದುಬಂದ.

ಹದಿನೈದು ದಿನದಲ್ಲಿ ರಂಜಿನಿ ಅದನ್ನು ಪಳಗಿಸಿಕೊಂಡಳು. ಅದರ ಮಾತಿನ ವೇಗವನ್ನು ಎಷ್ಟು ಏರಿಸಿಕೊಂಡಳೆಂದರೆ ಬೇರೆಯವರ ಕಿವಿಗೆ ಅದು ಫ್ಲೋರ್ ಮಿಲ್ ತಿರುಗಿದಂತೆ ಕೇಳುತ್ತಿತ್ತು, ಅವಳಿಗೆ ಮಾತ್ರ ಪಾಠವಾಗಿ ಕೇಳುತ್ತಿತ್ತು. ನಿಂಗರಾಜುವೂ ಒಂದು ಸಂಜೆ ಯಾರೂ ಇಲ್ಲದಾಗ ಅದನ್ನು ಕೈಗೆತ್ತಿಕೊಂಡ. ಅದು "ಕ್ಯಾಲ್ಕುಲೇಟರ್" ಎಂದಿತು. ಅವನು ಅದನ್ನು ಸರಿಸಲು ಬೆರಳು ತೀಡಿದ. ಅದು "ಗಡಿಯಾರ" ಎಂದಿತು. ಸಿಟ್ಟಾಗಿ ನಾಲ್ಕು ಬೆರಳಲ್ಲಿ ಬಡಿದ. ಅದು ಹಿಂದಿಯಲ್ಲಿ ಮಾತಾಡತೊಡಗಿತು. ಶಾಲೆಯಿಂದ ಬಂದ ಮಗಳು ಅದನ್ನು ಕನ್ನಡಕ್ಕೆ ತಂದಳು.

ಆವತ್ತಿನಿಂದ ನಿಂಗರಾಜು ಮನೆಯಲ್ಲೊಂದು ಕಾನೂನು ಮಾಡಿದ. ಗೌರ್ಮೆಂಟ್ ಐಟಂ, ಹೊರಗಿನವರಿಗೆ ತೋರಿಸುವಂತಿಲ್ಲ. ಯಾರಾದರೂ ನೋಡಲು ಬಂದು, ಎಲ್ಲಿ ಒಂದ್ಸಲ ನಡೆಸಿ ತೋರಿಸು ಅಂದುಬಿಟ್ಟರೆ ಎಂಬ ಭಯ ಅವನಿಗೆ. ಹೆಂಡತಿ ನೀಲಾವತಿಗೆ ಅವನ ಹೆದರಿಕೆ ಗೊತ್ತಿತ್ತು. ಚೆಂಡುಹೂವಿನ ಹೊಲದ ಕೆಲಸ ಮುಗಿಸಿ ಬಂದವಳಿಗೆ ಅದನ್ನು ಎತ್ತಿ ಆಡುವಷ್ಟು ಪುರಸೊತ್ತಿರಲಿಲ್ಲ.

ತೋರಿಸುವುದಿಲ್ಲವೆಂದರೂ, ಹೇಳದೆ ಇರುವುದುಂಟೇ? ಮಗಳು ಈಗ ತಾನೇ ಓದುತ್ತಾಳೆ ಎಂಬ ಸುದ್ದಿಯನ್ನು ನಿಂಗರಾಜು ನೀರಿನ ಜೊತೆಗೇ ಬೀದಿ ಬೀದಿಗೆ ಬಿಟ್ಟ. ಶಾಲೆಯ ಮಕ್ಕಳೆಲ್ಲ ಅದನ್ನು ಟ್ಯಾಬ್ ಎನ್ನುತ್ತಿದ್ದರು. ನಿಂಗರಾಜುವಿಗೆ ಅದು ಮಕ್ಕಳ ಮಾತೆನಿಸಿ, ಮೇಡಮ್ ಹೇಳಿದ ಪೂರ್ತಿ ಹೆಸರನ್ನೇ ಹಿಡಿದ.

ಮೂರನೆಯ ಬೀದಿಯ ಮಲ್ಲಾಜಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷವಾಗಿತ್ತು. ಆಪರೇಷನ್ ಎಂದರೆ ಮುದುಕಿ ಮನೆಯಿಂದಲೇ ಓಡಿಹೋಗುತ್ತಿದ್ದಳು. ಅವಳು ಕೊಡ ಕೆಳಗಿಟ್ಟು ನಿಂಗರಾಜುವನ್ನು ಹತ್ತಿರ ಕರೆದಳು.

"ಯಾನ್ಲಾ ನಿಂಗ, ಕೂಸು ಈಗ ಓದ್ತದಂತ?"

"ಊ ಕಣ್ ದೊಡ್ಡವ್ವ. ಗೌರ್ಮೆಂಟಿಂದ ಟ್ಯಾಬ್ಲೆಟ್ ಕೊಟ್ಟವ್ರ. ಯಾರ್ ಹಂಗೂ ಇಲ್ದೆ ಓದ್ತಳ."

"ದಿನಕ್ಕ ಯೆಷ್ಟ್ ಸಲ?"

"ಬೆಳಿಗ್ಗ ಒಂದ್ಸಲ, ಸಂಜ ಒಂದ್ಸಲ. ಜಾಸ್ತಿ ಆದ್ರ ಬಿಸಿ ಆಯ್ತದ."

ಬಲವಾದ ಔಷಧಿ ಉಷ್ಣ ಮಾಡದೆ ಇರುತ್ತದೆಯೇ ಎಂದು ಮಲ್ಲಾಜಮ್ಮ ಒಪ್ಪಿಕೊಂಡು, "ನೀರ್ ಜೊತೇಲಾ?" ಎಂದಳು.

"ನೀರ್ ತಾಗ್ಸಂಗೇ ಇಲ್ಲ ಕಣವ್ವ. ತಾಗುದ್ರ ಕೆಟ್ಟೋಯ್ತದ."

ಒಣ ಮಾತ್ರೆಯನ್ನು ನುಂಗುವುದು ಕಷ್ಟ, ಆದರೆ ಕಣ್ಣು ಬರುವುದಾದರೆ ಅದೇನು ದೊಡ್ಡದಲ್ಲ ಎಂದುಕೊಂಡು ಮಲ್ಲಾಜಮ್ಮ ಕೊಡ ತುಂಬಿಸಿಕೊಂಡು ಹೋದಳು. ತಾನು ಏನು ಬಿತ್ತಿದೆನೆಂದು ನಿಂಗರಾಜುವಿಗೆ ತಿಳಿಯಲಿಲ್ಲ. ಮಾತಾಡಿದ ಇಬ್ಬರೂ ನಿಜವನ್ನೇ ಆಡಿದ್ದರು, ಇಬ್ಬರಿಗೂ ಸಮಾಧಾನವಾಗಿತ್ತು.

ಸುದ್ದಿ ವಾರದೊಳಗೆ ಕಾಡಂಚಿನ ಮದ್ದೂರಿನ ತನಕ ಹೋಯಿತು. ಅಲ್ಲಿಂದ ಬೀರಯ್ಯ ಎಂಬ ಕಾಡಿನ ವಾಚರ್ ಬೈಕಿನಲ್ಲಿ ಬಂದು, ಕಣ್ಣಿಗೆ ಕೊಟ್ಟಿದ್ದು ಕಿವಿಗೂ ಆಗುತ್ತದೆಯೇ ಎಂದು ಕೂಗಿ ಕೇಳಿದ. ಪಟಾಕಿ ಹಚ್ಚಿ ಆನೆ ಓಡಿಸಿ ಓಡಿಸಿ ಅವನಿಗೆ ಕಿವಿ ಮಂದವಾಗಿತ್ತು. ಕಿವಿ ಕೇಳದವರಿಗೆ ಬೇರೆ ತರದ್ದು ಬರುತ್ತದೆ, ಕೈ ಸ್ವಾಧೀನವಿಲ್ಲದವರಿಗೂ ಇದೆ ಎಂದು ಮೇಡಮ್ ಹೇಳಿದ್ದನ್ನು ನಿಂಗರಾಜು ಹಾಗೇ ಕೂಗಿ ಹೇಳಿದ. ಬೀರಯ್ಯ ಕೈಮುಗಿದು ಹೋದ. ಮರುದಿನ ಇನ್ನೊಬ್ಬರು ಬಂದು ತಮ್ಮ ಎಮ್ಮೆಗೂ ಒಂದು ಕಣ್ಣು ಮಂಜಾಗಿದೆ, ಅರ್ಧ ಕೊಟ್ಟರೆ ಸಾಕು ಎಂದರು. ಅವರಿಗೆ ತಲೆ ಕೆಟ್ಟಿದೆಯೆಂದು ನಿಂಗರಾಜು ತೀರ್ಮಾನಿಸಿದ. ಊರಿನ ಯಾವುದೇ ಮಗುವನ್ನು ಕೇಳಿದ್ದರೂ ವಿಷಯ ಒಂದು ನಿಮಿಷದಲ್ಲಿ ಇತ್ಯರ್ಥವಾಗುತ್ತಿತ್ತು. ಆದರೆ ದೊಡ್ಡವರು ಮಕ್ಕಳನ್ನು ಏನಾದರೂ ಕೇಳುವ ಪದ್ಧತಿ ಹಂಗಳದಲ್ಲಿ ಇಲ್ಲ.

ಮಲ್ಲಾಜಮ್ಮ ಹೋದದ್ದು ಮಾದಣ್ಣನ ಹತ್ತಿರ. ಮಾದಣ್ಣ ಮೂವತ್ತು ವರ್ಷ ಗುಂಡ್ಲುಪೇಟೆಯಲ್ಲಿ ಮರದ ಕೆಳಗೆ ಕುಳಿತು ಜನರ ಅರ್ಜಿ ಬರೆದವನು. ಅವನ ಅರ್ಜಿಗಳು ಉದ್ದಕ್ಕೆ ಹೆಸರಾಗಿದ್ದವು. ಮುದುಕಿ ಕೇಳಿದ್ದಿಷ್ಟೇ: ನಿಂಗನ ಮಗಳಿಗೆ ಕಣ್ಣು ಬಂದಿದೆ, ಅವಳಿಗೆ ಇನ್ನು ಬೇಡವಾದರೆ ಉಳಿದದ್ದನ್ನು ನನಗೆ ಕೊಡಿಸಿ. ಮಾದಣ್ಣ ಅದನ್ನು ಮೂರು ಪುಟ ಬರೆದ. ಗುಂಡ್ಲುಪೇಟೆಯ ಕಚೇರಿಯವರು ಮೊದಲ ಪುಟ ಓದಿ ಸುಸ್ತಾಗಿ, ಸೂಕ್ತ ಕ್ರಮಕ್ಕಾಗಿ ಎಂದು ಬರೆದು ಚಾಮರಾಜನಗರಕ್ಕೆ ಕಳಿಸಿದರು. ಚಾಮರಾಜನಗರದವರು ಸೂಕ್ತ ಕ್ರಮ ಕೈಗೊಂಡರು.

ಪರೀಕ್ಷೆಗೆ ಹತ್ತೊಂಬತ್ತು ದಿನ ಇರುವಾಗ ನಿಂಗರಾಜುವಿಗೆ ನೋಟೀಸು ಬಂತು. ಅವನು ಓದಲು ಶುರುಮಾಡಿ "ಸದರಿ" ಎಂಬಲ್ಲಿ ಸಿಕ್ಕಿಹಾಕಿಕೊಂಡ. ನೀಲಾವತಿ "ಮೇಲ್ಕಾಣಿಸಿದ" ತನಕ ಹೋಗಿ ಕೈಬಿಟ್ಟಳು. ಕಡೆಯ ಸಾಲು ಮಾತ್ರ ಇಬ್ಬರಿಗೂ ಅರ್ಥವಾಯಿತು. ಏಳು ದಿನದೊಳಗೆ ಟ್ಯಾಬ್ಲೆಟ್ ಹಿಂದಿರುಗಿಸತಕ್ಕದ್ದು, ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು. ಪ್ರಿಯಾಂಕ ಮೇಡಮ್‌ಗೆ ಫೋನು ಮಾಡಿದರೆ ಸ್ವಿಚ್ ಆಫ್, ಮೈಸೂರಿನಲ್ಲಿ ತರಬೇತಿಯಲ್ಲಿದ್ದರಂತೆ. ಒಳಗೆ ರಂಜಿನಿ ಪಾಠ ಕೇಳುತ್ತ ಕುಳಿತಿದ್ದಳು. ಅವಳಿಗೆ ಹೇಳಬಾರದೆಂದು ನಿಂಗರಾಜು ಕಾಗದವನ್ನು ಅಂಗಿಯೊಳಗೆ ಸೇರಿಸಿಕೊಂಡು, ಉತ್ತರ ಬರೆಸಲು ನೇರವಾಗಿ ಮಾದಣ್ಣನ ಮನೆಗೆ ನಡೆದ.

ಮಾದಣ್ಣ ಕನ್ನಡಕ ಏರಿಸಿಕೊಂಡವನೇ, ಮೂಲ ಅರ್ಜಿ ತಾನೇ ಬರೆದದ್ದೆಂದು ಹೆಮ್ಮೆಯಿಂದ ಹೇಳಿದ. ಆಮೇಲೆ ಮಲ್ಲಾಜಮ್ಮನ ಮಾತ್ರೆಯ ವಿಷಯವೂ ಹೊರಬಂತು. ಮಾತ್ರೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಿಂಗರಾಜುವಿಗೆ ಬೀರಯ್ಯನ ಕಿವಿ, ಎಮ್ಮೆಯ ಕಣ್ಣು, ನೀರು ತಾಗಿಸುವ ಮಾತು ಎಲ್ಲ ಒಂದೊಂದಾಗಿ ನೆನಪಾದವು. ಅವನು ಮನೆಗೆ ಹೋಗಿ, ತಾನೇ ಮಾಡಿದ ಕಾನೂನು ತಾನೇ ಮುರಿದು, ಮಗಳನ್ನು ಕೇಳಿ ಟ್ಯಾಬ್ಲೆಟ್ ತೆಗೆದುಕೊಂಡು ಮಲ್ಲಾಜಮ್ಮನ ಮನೆಗೆ ಬಂದ. ಅದನ್ನು ಅವಳ ಮಡಿಲಲ್ಲಿಟ್ಟು, ಇದೇ ಕಣವ್ವ ಟ್ಯಾಬ್ಲೆಟ್ ಎಂದ.

ಮಲ್ಲಾಜಮ್ಮ ಎರಡು ಕೈಯಲ್ಲೂ ಅದರ ಅಂಚು ಹಿಡಿದು ಉದ್ದಗಲ ಸವರಿ ನೋಡಿದಳು.

"ಇಷ್ಟ್ ದೊಡ್ಡದ ಆ ಕೂಸು ಎಂಗ್ಲಾ ನುಂಗ್ತು?"

ಅದು ನುಂಗುವುದಲ್ಲ, ಮಾತಾಡುವುದು ಎಂದು ಬಿಡಿಸಿ ಹೇಳಲು ನಿಂಗರಾಜುವಿಗೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಮುದುಕಿಗೆ ತಿಳಿಯಿತು. ತಿಳಿದ ಮೇಲೆ ಅವಳಿಗೆ ದುಃಖವೂ ಆಯಿತು, ಸಿಟ್ಟೂ ಬಂತು. ದುಃಖ ತನಗೆ ಕಣ್ಣು ಬರುವುದಿಲ್ಲವಲ್ಲ ಎಂದು. ಸಿಟ್ಟು, ತನ್ನ ಅರ್ಜಿಯಿಂದ ಕೂಸಿನ ಓದು ನಿಲ್ಲುವಂತಾಯಿತಲ್ಲ ಎಂದು. ತಾನೇ ಚಾಮರಾಜನಗರಕ್ಕೆ ಬಂದು ಅರ್ಜಿ ವಾಪಸು ಪಡೆಯುತ್ತೇನೆ ಎಂದು ಹಟ ಹಿಡಿದಳು. ಬೇಡವೆಂದು ನಿಂಗರಾಜು ಹೇಳಿದ ಮಾತು ಅವಳ ಕಿವಿಗೆ ಬೀಳಲಿಲ್ಲ. ಅವಳ ಕಿವಿಗೆ ಏನೂ ಆಗಿರಲಿಲ್ಲ.

ಊರವರಿಗೆ ತಿಳಿಸುವುದು ಅಷ್ಟು ಸುಲಭವಾಗಲಿಲ್ಲ. ಅದು ಮಾತ್ರೆಯಲ್ಲವೆಂದು ನಿಂಗರಾಜು ಪ್ರತಿ ನಲ್ಲಿಯ ಮುಂದೆಯೂ ಸಾರಿದ. ಇಷ್ಟು ದಿನ ಕೊಚ್ಚಿಕೊಂಡವನು ಈಗ ಇಲ್ಲ ಅನ್ನುತ್ತಿದ್ದಾನೆಂದರೆ ಮಾತ್ರೆ ಮುಗಿಯುತ್ತ ಬಂದಿರಬೇಕು ಎಂದು ಜನ ಮಾತಾಡಿಕೊಂಡರು.

ಐದನೆಯ ದಿನ ನಿಂಗರಾಜು ಮಗಳಿಗೆ ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಸಿ, ಟ್ಯಾಬ್ಲೆಟ್ ಹಿಡಿಸಿಕೊಂಡು ಬಸ್ಸು ಹತ್ತಿಸಿದ. ಚಾಮರಾಜನಗರದಲ್ಲಿ ಸಾಹೇಬರು ಅವಳಿಗೆ ಸನ್ಮಾನ ಮಾಡುತ್ತಾರಂತೆ ಎಂದು ಹೇಳಿದ್ದ. ಮೊದಲು ಗುಂಡ್ಲುಪೇಟೆಯ ಕಚೇರಿಗೆ ಹೋದರೆ, ಫೈಲು ಇಲ್ಲಿಲ್ಲ ಎಂಬ ಒಂದೇ ಮಾತು ಸಿಕ್ಕಿತು. ಅಲ್ಲಿಂದ ಚಾಮರಾಜನಗರದ ಬಸ್ಸು. ಮಲ್ಲಾಜಮ್ಮನೂ ರಂಜಿನಿಯೂ ಮುಂದೆ ಹೆಂಗಸರ ಸೀಟಿನಲ್ಲಿ ಕುಳಿತರು. ನಿಂಗರಾಜು ಹಿಂದೆ ಕಂಬಿ ಹಿಡಿದು ನಿಂತು, ಸನ್ಮಾನದಲ್ಲಿ ಹಾರ ಹಾಕುತ್ತಾರೋ ಶಾಲು ಹೊದಿಸುತ್ತಾರೋ ಎಂದು ಆಗಾಗ ಕೂಗಿ ಹೇಳುತ್ತಿದ್ದ. ತೆರಕಣಾಂಬಿ ಬರುವಷ್ಟರಲ್ಲಿ ಮಲ್ಲಾಜಮ್ಮ ಹುಡುಗಿಗೆ ಎಲ್ಲವನ್ನೂ ಹೇಳಿ ಮುಗಿಸಿದ್ದಳು. ರಂಜಿನಿ ಅಳಲಿಲ್ಲ. ಅಪ್ಪನ ಕಡೆ ತಿರುಗಿ ಶಾಲೇ ಹೊದಿಸುತ್ತಾರೇನೋ ಎಂದಳು. ಆಮೇಲೆ ಬ್ಯಾಗಿನಿಂದ ಟ್ಯಾಬ್ಲೆಟ್ ತೆಗೆದು, ಇಯರ್‌ಫೋನ್ ಸಿಕ್ಕಿಸಿಕೊಂಡು, ಇಳಿಯುವ ತನಕ ಅದರ ಮೇಲೆ ಬೆರಳಾಡಿಸುತ್ತ ಕುಳಿತಳು.

ಜಿಲ್ಲೆಯ ಕಚೇರಿಯಲ್ಲಿ ಗುಮಾಸ್ತ ಸುನೀಲ್ ಕುಮಾರ್ ಅವರನ್ನು ಕಂಡು, ತಂದಿದ್ದೀರಾ ಎಂದು ಕೇಳಿ ಕೈಚಾಚಿದ. ಕೊಡಲು ಬಂದಿಲ್ಲ, ಸಾಹೇಬರನ್ನು ನೋಡಬೇಕು ಎಂದು ನಿಂಗರಾಜು ಹೇಳಿದ. ಸಾಹೇಬರು ಮೀಟಿಂಗಿನಲ್ಲಿದ್ದರು. ಮೀಟಿಂಗ್ ಮುಗಿದ ಮೇಲೆ ಊಟಕ್ಕೆ ಹೋದರು. ಬಂದವರು ಮತ್ತೆ ಮೀಟಿಂಗಿಗೆ ಹೋದರು. ಅಷ್ಟು ಹೊತ್ತೂ ಮೂವರೂ ಬಾಗಿಲ ಎದುರಿನ ಬೆಂಚು ಬಿಟ್ಟು ಕದಲಲಿಲ್ಲ. ನಾಳೆ ಬನ್ನಿ ಎಂದು ಸುನೀಲ್ ಕುಮಾರ್ ಮೂರು ಸಲ ಹೇಳಿದ. ನಾಳೆಯೂ ಬರುತ್ತೇವೆ, ಆದರೆ ಇವತ್ತು ಹೋಗುವುದಿಲ್ಲ ಎಂದು ಮಲ್ಲಾಜಮ್ಮ ಮೂರು ಸಲವೂ ಹೇಳಿದಳು. ನಾಲ್ಕು ಗಂಟೆಗೆ ಒಳಗೆ ಕರೆದರು.

ಅಧಿಕಾರಿ ಚಂದ್ರಕುಮಾರ್ ಕೆಟ್ಟವರಲ್ಲ. ಫೈಲಿನಲ್ಲಿ ಇದ್ದದ್ದನ್ನು ನಂಬುವವರು, ಅಷ್ಟೇ. ಮೂವರನ್ನೂ ಕೂರಿಸಿದರು. ಮಲ್ಲಾಜಮ್ಮ ಗೋಡೆಯ ಕಡೆ ತಿರುಗಿ ಕೈಮುಗಿದು, ಬುದ್ದಿ, ಅರ್ಜಿ ತನ್ನದೇ ತಪ್ಪು ಎಂದು ಶುರುಮಾಡಿದಳು. ಸುನೀಲ್ ಕುಮಾರ್ ಅವಳನ್ನು ಮೆಲ್ಲಗೆ ಅಧಿಕಾರಿಗಳ ಕಡೆ ತಿರುಗಿಸಿದ. ಅದೆಲ್ಲ ಫೈಲಿನಲ್ಲಿದೆ ಎಂದು ಚಂದ್ರಕುಮಾರ್ ತಡೆದರು. ದೃಷ್ಟಿ ಬಂದಿದೆ ಎಂಬ ದೂರಿದೆ. ಮೊದಲು ಸಾಧನ ಒಪ್ಪಿಸಬೇಕು, ಆಮೇಲೆ ಪರಿಶೀಲನೆ, ಎಲ್ಲ ಸರಿಯಿದ್ದರೆ ಮತ್ತೆ ಮಂಜೂರು. ಎಷ್ಟು ದಿನವಾದೀತು ಎಂದು ನಿಂಗರಾಜು ಕೇಳಿದ. ಮೂರು ತಿಂಗಳು ಎಂದರು.

"ಪರೀಕ್ಷ ಹದ್ನಾಕ್ ದಿನಕ್ಕದ ಬುದ್ದಿ. ನಾನ್ ಕೊಡದಿಲ್ಲ," ಎಂದ ನಿಂಗರಾಜು. ಅಷ್ಟು ಹೇಳಿ ಅವನು ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತ.

ಚಂದ್ರಕುಮಾರ್ ಬಹಳ ಅಧಿಕಾರಿಗಳ ಕೈಕೆಳಗೆ ಕೆಲಸ ಮಾಡಿ ಮೇಲೆ ಬಂದವರು. ನೆಲದ ಮೇಲೆ ಕುಳಿತವನನ್ನು ಬೈದು ಎಬ್ಬಿಸಲಾಗದು ಎಂದು ಅವರಿಗೆ ತಿಳಿದಿತ್ತು. ಹಾಗಾದರೆ ಅದು ಹೇಗೆ ಕೆಲಸ ಮಾಡುತ್ತದೆ ತೋರಿಸು, ನೋಡೋಣ ಎಂದು ಸಮಾಧಾನವಾಗಿ ಕೇಳಿದರು.

ಸಾಹೇಬರೂ ಗುಮಾಸ್ತನೂ ನಿಂಗರಾಜುವನ್ನು ನೋಡಿದರು. ಮೂರು ತಿಂಗಳಿಂದ ಅವನು ಹೆದರಿ ತಪ್ಪಿಸಿಕೊಂಡು ಬಂದದ್ದು ಈ ಒಂದು ಮಾತನ್ನೇ. ಅವನು ಟ್ಯಾಬ್ಲೆಟ್ ಕೈಗೆತ್ತಿಕೊಂಡ. ಅದು "ಕ್ಯಾಲ್ಕುಲೇಟರ್" ಎಂದಿತು. ಅವನು ಅದನ್ನು ಮಗಳ ಕೈಗಿಟ್ಟುಬಿಟ್ಟ.

"ನಂಗ ಇದ್ರಲ್ಲಿ ಯಾನೂ ಗೊತ್ತಿಲ್ಲ ಬುದ್ದಿ. ತೆಗ್ಯಕ್ಕೂ ಬರದಿಲ್ಲ, ಮುಚ್ಚಕ್ಕೂ ಬರದಿಲ್ಲ. ಗೊತ್ತದ ಅಂತ ಊರ್ಗೆಲ್ಲ ಹೇಳ್ಬುಟ್ಟೆ. ನನ್ ಮಗಳ್ಗ ಬತ್ತದ. ಅವಳ್ನ ಕೇಳಿ."

ರಂಜಿನಿಯ ಬೆರಳು ಪರದೆಯ ಮೇಲೆ ಓಡಿದವು. ಫ್ಲೋರ್ ಮಿಲ್ ತಿರುಗಿತು. ಎಷ್ಟು ಬೇಗ ಒಂದರಿಂದ ಇನ್ನೊಂದಕ್ಕೆ ಹೋದಳೆಂದರೆ ಚಂದ್ರಕುಮಾರ್ ಮುಂದಕ್ಕೆ ಬಾಗಿ ಅವಳ ಕಣ್ಣುಗಳನ್ನೇ ನೋಡತೊಡಗಿದರು. ಕಾಣದವರ ಬೆರಳು ಇಷ್ಟು ಚುರುಕಾಗಿರುತ್ತದೆಯೇ ಎಂಬ ಅನುಮಾನ ಅವರಿಗೆ. ಅದನ್ನು ಸುನೀಲ್ ಕುಮಾರ್‌ಗೆ ಪಿಸುಗುಟ್ಟಿದ್ದು ರಂಜಿನಿಗೆ ಕೇಳಿಸಿತು. ಅವಳು ಇನ್ನೆರಡು ಸಲ ಬೆರಳಾಡಿಸಿದಳು. ಪರದೆ ಪೂರ್ತಿ ಕಪ್ಪಾಯಿತು. ಕಾಣುವವರಿಗೆ ಇನ್ನು ಅದರಲ್ಲಿ ನೋಡಲು ಏನೂ ಉಳಿಯಲಿಲ್ಲ. ಅವಳ ಬೆರಳು ಮಾತ್ರ ನಿಲ್ಲಲಿಲ್ಲ, ಅದರ ಮಾತೂ ನಿಲ್ಲಲಿಲ್ಲ.

"ಸಾರ್, ನೀವು ಕಳಿಸಿದ ನೋಟೀಸು ಅಪ್ಪನ ಜೇಬಲ್ಲಿದೆ. ಅದನ್ನ ಕೊಡಿಸಿ, ಓದ್ತೀನಿ," ಎಂದಳು.

ನಿಂಗರಾಜು ಕಕ್ಕಾಬಿಕ್ಕಿಯಾಗಿ ಕಾಗದ ತೆಗೆದು ಮೇಜಿನ ಮೇಲೆ ಹರಡಿದ. ರಂಜಿನಿ ಕೈಯಿಂದ ಕಾಗದದ ಮೂಲೆಗಳನ್ನು ಅಂದಾಜು ಮಾಡಿ, ಮೇಲೆ ಟ್ಯಾಬ್ಲೆಟ್ ಹಿಡಿದು, ಅದರ ಮಾತಿನ ವೇಗವನ್ನು ಸಾಹೇಬರ ಅಳತೆಗೆ ಇಳಿಸಿದಳು. ಅದು ಏರಿಳಿತವಿಲ್ಲದ ದನಿಯಲ್ಲಿ ಓದತೊಡಗಿತು.

"ಸದರಿ ವಿದ್ಯಾರ್ಥಿನಿಯು ಮೇಲ್ಕಾಣಿಸಿದ ಅರ್ಜಿಯನ್ವಯ ಟ್ಯಾಬ್ಲೆಟ್ ಸೇವನೆಯಿಂದ ಸಂಪೂರ್ಣ ದೃಷ್ಟಿ ಪಡೆದಿರುವುದು ದೃಢಪಟ್ಟಿರುತ್ತದೆ. ಆದ ಕಾರಣ ಸೇವಿಸದೆ ಉಳಿದಿರುವ ಟ್ಯಾಬ್ಲೆಟ್ ಇಲಾಖೆಗೆ ಸೇರತಕ್ಕದ್ದು. ಏಳು ದಿನದೊಳಗೆ ಟ್ಯಾಬ್ಲೆಟ್ ಹಿಂದಿರುಗಿಸತಕ್ಕದ್ದು, ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು. ಸಹಿ. ಚಂದ್ರಕುಮಾರ್."

ಇನ್ನೊಮ್ಮೆ ಓದಿಸಮ್ಮ ಎಂದು ಚಂದ್ರಕುಮಾರ್ ಮೆಲ್ಲಗೆ ಹೇಳಿದರು. ಇನ್ನೊಮ್ಮೆ ಓದಿತು. "ಸೇವನೆಯಿಂದ" ಎಂಬಲ್ಲಿ ಅವರು ಕಣ್ಣು ಮುಚ್ಚಿಕೊಂಡರು. ಬಾಗಿಲಲ್ಲಿ ಬಂದು ನಿಂತಿದ್ದ ಕಚೇರಿಯ ನಾಲ್ಕಾರು ಜನ ಒಬ್ಬೊಬ್ಬರಾಗಿ ತಮ್ಮ ತಮ್ಮ ಮೇಜಿಗೆ ಹೋದರು. ಸುನೀಲ್ ಕುಮಾರ್‌ಗೆ ಹೋಗಲು ಜಾಗವಿರಲಿಲ್ಲ. ಅವನು ಅರ್ಜಿಯ ಮೊದಲ ನಾಲ್ಕು ಸಾಲು ನೋಡಿ ನೋಟೀಸು ಬರೆದಿದ್ದ, ಸಾಹೇಬರು ಅದರ ಕೊನೆಯ ಸಾಲು ನೋಡಿ ಸಹಿ ಹಾಕಿದ್ದರು. ಪೂರ್ತಿ ಓದಿದವಳು ರಂಜಿನಿಯೊಬ್ಬಳೇ.

ಬೈಗುಳವೇನೂ ನಡೆಯಲಿಲ್ಲ. ನೋಟೀಸು ರದ್ದಾಗಿದೆ, ಟ್ಯಾಬ್ಲೆಟ್ ವಿದ್ಯಾರ್ಥಿನಿಯ ಬಳಿಯೇ ಇರಬೇಕು ಎಂದು ಆದೇಶ ಬರೆಸಲು ಚಂದ್ರಕುಮಾರ್ ಆಗಲೇ ಹೇಳಿದರು. ಸುನೀಲ್ ಕುಮಾರ್ ಟೈಪ್ ಮಾಡಿ ತಂದ. ಸಾಹೇಬರು ಈ ಸಲ ಎರಡು ಬಾರಿ ಓದಿ ಸಹಿ ಹಾಕಿದರು. ನಿಂಗರಾಜು ಅದನ್ನು ಕಣ್ಣಿಗೊತ್ತಿಕೊಂಡು ಹೊರಡುವುದರಲ್ಲಿದ್ದ. ರಂಜಿನಿ ಮಾತ್ರ ಏಳಲಿಲ್ಲ. ಕಾಗದವನ್ನು ಮೇಜಿನ ಮೇಲೆ ಇಡಿಸಿ, ತಾನೂ ಓದಿಸಿಕೊಂಡಳು. ಅದರಲ್ಲಿ ಅವಳ ಹೆಸರು ರಜಿನಿ ಎಂದಿತ್ತು.

"ನಾನು ರಂಜಿನಿ ಸಾರ್. ಸೊನ್ನೆ ಬಿಟ್ಟಿದ್ದೀರಿ. ನಾಳೆ ಇದು ನಿಮಗಲ್ಲ ಅಂತ ಯಾರಾದ್ರೂ ಅಂದ್ರೆ ಮತ್ತೆ ಬಸ್ಸು ಹತ್ತಬೇಕು," ಎಂದಳು.

ಹೆಸರು ತಿದ್ದಿಸಿಕೊಂಡು, ಮತ್ತೊಮ್ಮೆ ಓದಿಸಿ, ಆಮೇಲೆ ಎದ್ದಳು. ಸಾಹೇಬರು ಮಲ್ಲಾಜಮ್ಮನಿಗೆ ಸರ್ಕಾರಿ ಆಸ್ಪತ್ರೆಯ ಕಣ್ಣಿನ ಡಾಕ್ಟರಿಗೆ ತೋರಿಸುವಂತೆ ಒಂದು ಚೀಟಿ ಬರೆದುಕೊಟ್ಟರು. ಆಪರೇಷನ್ನಿಗೆ ಹೆದರಿ ಓಡಿಹೋಗಬಾರದೆಂದು ಬಸ್ಸಿನಲ್ಲಿ ರಂಜಿನಿ ತನ್ನ ಕೈಮೇಲೆ ಅವಳ ಕೈಯಿಡಿಸಿ ಮಾತು ಕೇಳಿದಳು. ಮುದುಕಿ ಎರಡು ದಿನ ಯೋಚಿಸಿ, ಮೂರನೆಯ ದಿನ ಒಪ್ಪಿದಳು. ಬಲಗಣ್ಣಿನ ಪಟ್ಟಿ ಬಿಚ್ಚಿದ ದಿನ ಅವಳು ಮೊದಲು ನೋಡಿದ್ದು ನಿಂಗರಾಜುವನ್ನು. ಇಷ್ಟು ನರೆತುಹೋಗಿದ್ದಾನಲ್ಲ ಎಂದು ಅವಳಿಗೆ ಬಹಳ ಬೇಸರವಾಯಿತಂತೆ.

ಇತ್ತ ಹಂಗಳದಲ್ಲಿ ಸುದ್ದಿ ಬೇರೆಯದೇ ಆಗಿ ಹರಡಿತು. ಸಾಹೇಬರೇ ಸಹಿ ಹಾಕಿದ ಕಾಗದದಲ್ಲಿ ಏನಿದೆಯೆಂದು ಸಾಹೇಬರಿಗೇ ಓದಿ ಹೇಳಿದಳಂತೆ ನಿಂಗನ ಮಗಳು. ಇದು ಮಾತ್ರೆಗಿಂತ ದೊಡ್ಡದು ಎಂದು ಜನಕ್ಕೆ ಅನಿಸಿತು. ಯಾವ ಮನೆಯಲ್ಲಿ ಅರ್ಥವಾಗದ ಕಾಗದವಿಲ್ಲ? ಪೆನ್ಷನ್ ನಿಂತ ಪತ್ರ, ಕಾಡಂಚಿನ ಜಮೀನಿನ ನೋಟೀಸು, ಇನ್ಶೂರೆನ್ಸಿನವರದು, ಕೋರ್ಟಿನದು, ಹತ್ತು ವರ್ಷದಿಂದ ಸೂರಿನ ಗಳುವಿಗೆ ಸಿಕ್ಕಿಸಿಟ್ಟದ್ದು. ಶನಿವಾರ ಬೆಳಿಗ್ಗೆ ನಿಂಗರಾಜು ಎದ್ದು ನೋಡಿದರೆ ಬಾಗಿಲಿನಿಂದ ನಲ್ಲಿಯ ತನಕ ಜನ ಕಾಗದ ಹಿಡಿದು ನಿಂತಿದ್ದರು. ಮದ್ದೂರಿನ ಬೀರಯ್ಯನೂ ಇದ್ದ. ಮಾದಣ್ಣ ತನ್ನದೇ ಒಂದು ಹಳೆಯ ಅರ್ಜಿ ತಂದಿದ್ದ. ತಾನು ಅದರಲ್ಲಿ ಏನು ಬರೆದಿದ್ದೆನೆಂದು ಅವನಿಗೆ ಈಗ ತಿಳಿಯುತ್ತಿರಲಿಲ್ಲವಂತೆ.

ನಿಂಗರಾಜುವಿಗೆ ಎದೆಯುಬ್ಬಿ ಬಂತು. ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಗೆ ಬಂದು ಸಾಲು ನಿಲ್ಲಿಸಿದ. ಒಂದೊಂದು ಮನೆಗೆ ಎರಡೇ ಕಾಗದ, ಮಡಿಸಿದ್ದನ್ನು ಬಿಡಿಸಿ ನೀವಿ ಹಿಡಿಯಬೇಕು, ಬೆಳಕಿಗೆ ಅಡ್ಡ ನಿಲ್ಲಬಾರದು ಎಂದು ಎಲ್ಲರಿಗೂ ಕ್ರಮ ಹೇಳತೊಡಗಿದ. ಅಷ್ಟರಲ್ಲಿ ರಂಜಿನಿ ಕೈಯಲ್ಲಿ ಗೋಡೆ ಹಿಡಿದು ಹೊಸ್ತಿಲಿಗೆ ಬಂದಳು. ಜನ ಮಾತು ನಿಲ್ಲಿಸಿದರು.

"ಸೋಮವಾರ ನಂಗ ಪರೀಕ್ಷ ಶುರು ಆಯ್ತದ," ಎಂದಳು. "ಇನ್ನೂ ಎರಡು ಪಾಠ ಉಳ್ದದ. ಎಲ್ಲಾರ್ದೂ ಓದ್ತೀನಿ, ಒಂದೂ ಬುಡದಿಲ್ಲ. ಪರೀಕ್ಷ ಮುಗುದ್ ಮಾರ್ನೆ ದಿನ ಬನ್ನಿ. ಈಗ ಸದ್ದು ಮಾಡ್ಬ್ಯಾಡಿ."

ಒಳಗೆ ಹೋಗಿ ಬಾಗಿಲು ಹಾಕಿ ಅಗುಳಿ ಜಡಿದಳು.

ಅಪ್ಪ ಹೊರಗೇ ಉಳಿದ. ಬಾಗಿಲು ತಟ್ಟೋಣವೆಂದು ಕೈಯೆತ್ತಿದವನು ಸುಮ್ಮನಾಗಿ, ಸಾಲಿನವರೆಲ್ಲರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ. ಒಳಗಿಂದ ಗಿಡಗಳು ಬೆಳಕಿನಲ್ಲಿ ಏನನ್ನು ಹೀರಿಕೊಂಡು ಏನನ್ನು ಬಿಡುತ್ತವೆಂದು ಒಂದು ದನಿ ಗಿರ್ರನೆ ಹೇಳುತ್ತಿತ್ತು. ಹೊರಗೆ ನಿಂತವರು ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಅವರು ಚಪ್ಪಲಿಯ ಸದ್ದಾಗದಂತೆ ಒಬ್ಬರ ಹಿಂದೊಬ್ಬರು ಬೀದಿ ದಾಟಿ ಹೋದರು.